ಮಾರ್ಚ್ ಕೇಸು, ಮುಂದಿನ ಮಾರ್ಚಿಗೆ ಲ್ಯಾಪ್ಸು

ಜೀವವಿಮೆ ಏಜೆಂಟರ ಮಾತು ಬಂದರೆ ನಮ್ಮ ಕಡೆ ಜನ ಎರಡು ಮಾತು ಹೇಳುತ್ತಾರೆ. "ಕಮಿಷನ್ ಭಾಳ ಸಿಗತೈತಿ" ಅನ್ನುವುದು ಒಂದು, "ಪಾಲಿಸಿ ಮಾಡಿಸಿದ ಮ್ಯಾಲೆ ಮುಖಾ ತೋರಸೂದಿಲ್ಲ" ಅನ್ನುವುದು ಇನ್ನೊಂದು. ಎರಡನೆಯದರಲ್ಲಿ ಸತ್ಯವಿದೆ, ಅಂಥ ಏಜೆಂಟರು ಇದ್ದಾರೆ. ಆದರೆ ಹುಬ್ಬಳ್ಳಿ, ಗದಗ, ಹಾವೇರಿ ಸುತ್ತಿನ ಹಳ್ಳಿಗಳಲ್ಲಿ ಪಾಲಿಸಿಗಳು ಎರಡನೇ ಕಂತಿಗೇ ಲ್ಯಾಪ್ಸ್ ಆಗುವುದಕ್ಕೆ, ಅಂದರೆ ಕಂತು ಕಟ್ಟದೆ ನಿಂತುಬಿಡುವುದಕ್ಕೆ, ನನ್ನ ಪ್ರಕಾರ ದೊಡ್ಡ ಕಾರಣ ಬೇರೆಯೇ ಇದೆ. ಪಾಲಿಸಿ ಯಾವ ತಿಂಗಳು ಶುರುವಾಗಬೇಕು, ಕಂತು ತಿಂಗಳಿಗೋ ವರ್ಷಕ್ಕೋ, ಯಾವ ಪ್ಲಾನ್ ಮಾರಬೇಕು ಅನ್ನುವುದನ್ನು ಬ್ರಾಂಚಿನ ಟಾರ್ಗೆಟ್ ನಿರ್ಧರಿಸುತ್ತದೆ. ಪಾಲಿಸಿ ನಿಂತಾಗ ದಂಡ ತೆರುವವನು ಮಾತ್ರ ಏಜೆಂಟ. ಈ ಲೆಕ್ಕ ಸರಿಯಿಲ್ಲ. ಯಾಕೆ ಸರಿಯಿಲ್ಲ ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ, ತಾಳ್ಮೆಯಿಂದ ಓದಿ.

ಜನವರಿ ಬಂತೆಂದರೆ ಬ್ರಾಂಚಿನ ವಾಟ್ಸಾಪ್ ಗ್ರೂಪಿನಲ್ಲಿ ಕ್ಲೋಸಿಂಗ್ ಗದ್ದಲ, ಅಂದರೆ ವರ್ಷದ ಟಾರ್ಗೆಟ್ ಮುಗಿಸುವ ಗದ್ದಲ, ಶುರು. ಬೆಳಿಗ್ಗೆ ಒಂಬತ್ತಕ್ಕೆ "ಇವತ್ತಿನ ಲಾಗಿನ್ ಎಷ್ಟ್ರಿ?" (ಎಷ್ಟು ಹೊಸ ಅರ್ಜಿ ಹಾಕಿಸಿದಿರಿ ಅಂತ), ಸಂಜೆ ಆರಕ್ಕೆ ಯಾರ ಹೆಸರಿನ ಮುಂದೆ ಸೊನ್ನೆ ಇದೆ ಅನ್ನುವ ಪಟ್ಟಿ. ಮಾರ್ಚ್ 31ರೊಳಗೆ ಕೇಸು, ಅಂದರೆ ಹೊಸ ಪಾಲಿಸಿ, ಬಿದ್ದರೆ ಮ್ಯಾನೇಜರರ ವರ್ಷದ ಟಾರ್ಗೆಟ್ ಮುಗಿಯುತ್ತದೆ, ಹೆಚ್ಚು ಮಾರಿದ ಏಜೆಂಟರಿಗೆ ಕಂಪನಿ ಕೊಡುವ ಕ್ಲಬ್ ಮೆಂಬರ್‌ಶಿಪ್ ಉಳಿಯುತ್ತದೆ. ಹೀಗೆ ಮಾರ್ಚ್ 24ಕ್ಕೋ 28ಕ್ಕೋ ಶುರುವಾದ ಪಾಲಿಸಿಯ ವಾರ್ಷಿಕ ಕಂತು ಮುಂದಿನ ಹದಿನೈದು ಇಪ್ಪತ್ತು ವರ್ಷವೂ ಅದೇ ತಾರೀಕಿಗೆ ಬಂದು ನಿಲ್ಲುತ್ತದೆ. ಕಟ್ಟುವವನ ಕೈಯಲ್ಲಿ ಆ ತಿಂಗಳು ರೊಕ್ಕ ಇರುತ್ತದೆಯೋ ಇಲ್ಲವೋ ಅಂತ ಯಾರೂ ಕೇಳಿರುವುದಿಲ್ಲ.

ನಮ್ಮ ಭಾಗದಲ್ಲಿ ರೊಕ್ಕ ಬರುವ ಕಾಲ ಊರಿಂದ ಊರಿಗೆ ಬೇರೆ. ನರಗುಂದ, ನವಲಗುಂದ, ರೋಣದ ಎರಿ ಹೊಲದಲ್ಲಿ ಹೆಸರುಕಾಳು ಆಗಸ್ಟ್ ಕೊನೆಗೆ, ಸೆಪ್ಟೆಂಬರಿನಲ್ಲಿ ಮಾರ್ಕೆಟ್ಟಿಗೆ ಬರುತ್ತದೆ. ಹಿಂಗಾರಿ ಕಡಲೆ, ಬಿಳಿಜೋಳ ಬರುವುದು ಫೆಬ್ರುವರಿ ಮಾರ್ಚಿನಲ್ಲಿ. ಗದಗ ಕಡೆ ಉಳ್ಳಾಗಡ್ಡಿ ಅಕ್ಟೋಬರ್ ನವೆಂಬರ್. ಹಾವೇರಿ, ರಾಣೆಬೆನ್ನೂರು, ಹಿರೇಕೆರೂರಿನ ಗೋವಿನಜೋಳ ಅಕ್ಟೋಬರಿನಿಂದ ಡಿಸೆಂಬರ್. ಹತ್ತಿ ನವೆಂಬರಿನಿಂದ ಜನವರಿ. ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಸೋಮವಾರ, ಗುರುವಾರ ಮೆಣಸಿನಕಾಯಿ ಚೀಲ ಅಂಗಳ ತುಂಬುವುದು ಜನವರಿಯಿಂದ ಮಾರ್ಚಿನವರೆಗೆ. ಅಂದರೆ ಮೆಣಸಿನಕಾಯಿ, ಕಡಲೆ ಬೆಳೆದವನಿಗೆ ಮಾರ್ಚ್ ಕಂತು ನಡೆಯುತ್ತದೆ. ಗೋವಿನಜೋಳ ಬೆಳೆದವನಿಗೆ ನಡೆಯುವುದಿಲ್ಲ. ಡಿಸೆಂಬರಿನಲ್ಲಿ ಬಂದ ರೊಕ್ಕ ಗೊಬ್ಬರದ ಅಂಗಡಿಯ ಉದ್ರಿಗೆ, ಮದುವೆಗೆ, ಆಸ್ಪತ್ರೆಗೆ ಹೋಗಿರುತ್ತದೆ. ಮೇಲಾಗಿ ಸೊಸೈಟಿಯ ಶೂನ್ಯ ಬಡ್ಡಿ ಬೆಳೆಸಾಲ ತೀರಿಸಿ ಹೊಸದು ಮಾಡುವ ಓಡಾಟವೂ ಮಾರ್ಚಿನಲ್ಲೇ. ಸೊಸೈಟಿ ಸಾಲ ತಪ್ಪಿಸಿದರೆ ಬಡ್ಡಿ ಬೀಳುತ್ತದೆ, ಮುಂದಿನ ಸಾಲ ನಿಲ್ಲುತ್ತದೆ. ವಿಮೆ ಕಂತು ತಪ್ಪಿಸಿದರೆ ಅವತ್ತೇ ಏನೂ ಆಗುವುದಿಲ್ಲ. ಹೀಗಿರುವಾಗ ರೈತ ಯಾವುದನ್ನು ಬಿಡುತ್ತಾನೆ ಅನ್ನುವುದು ಯಾರಿಗಾದರೂ ತಿಳಿಯುವ ಮಾತು.

ಇದಕ್ಕೆ ಕಂಪನಿ ಹೇಳುವ ಪರಿಹಾರ "ಮಂತ್ಲಿ ಮಾಡಿಸ್ರಿ, ಅಕೌಂಟಿನಿಂದ ತಾನಽ ಕಟ್ ಆಗತೈತಿ" ಅನ್ನುವುದು. ನೈರುತ್ಯ ರೈಲ್ವೆಯ ನೌಕರನಿಗೆ, ವಾಯವ್ಯ ಸಾರಿಗೆಯ ಕಂಡಕ್ಟರಿಗೆ, ಶಾಲೆ ಮಾಸ್ತರಿಗೆ ಇದು ಒಳ್ಳೆಯ ವ್ಯವಸ್ಥೆ. ತಿಂಗಳ ಪಗಾರ ಇಲ್ಲದವನ ಖಾತೆಯಲ್ಲಿ ಇದು ಬೇರೆಯೇ ಕೆಲಸ ಮಾಡುತ್ತದೆ. ಕಂತು 1,500 ರೂಪಾಯಿ, ಖಾತೆಯಲ್ಲಿ 1,430 ಇದೆ ಅಂದುಕೊಳ್ಳಿ. 70 ರೂಪಾಯಿ ಕಮ್ಮಿ ಬಿದ್ದದ್ದಕ್ಕೆ ನ್ಯಾಚ್ (ಖಾತೆಯಿಂದ ತಾನೇ ಕಂತು ಮುರಿದುಕೊಳ್ಳುವ ಆದೇಶ) ವಾಪಸ್. ಬ್ಯಾಂಕು ಅದಕ್ಕೆ ನೂರಾರು ರೂಪಾಯಿ ಶುಲ್ಕ, ಅದರ ಮೇಲೆ ಶೇ 18 ಜಿಎಸ್‌ಟಿ ಹಾಕುತ್ತದೆ. ಕಂಪನಿ ಅದೇ ತಿಂಗಳು ಎರಡನೇ ಸಲ ಕಳಿಸಿದರೆ ಎರಡನೇ ಸಲವೂ ಶುಲ್ಕ. ಹೆಂಡತಿಯ ಖಾತೆ ಕೊಟ್ಟಿದ್ದರೆ ಗೃಹಲಕ್ಷ್ಮಿಯ 2,000 ರೂಪಾಯಿಯಲ್ಲೇ ಆ ಶುಲ್ಕ ಹೋಗುತ್ತದೆ. ಮನೆಯವರು ಬೈಯುವುದು ಬ್ಯಾಂಕಿಗಲ್ಲ, ಕಂಪನಿಗಲ್ಲ, ಸಹಿ ಹಾಕಿಸಿಕೊಂಡು ಹೋದ ಏಜೆಂಟನಿಗೆ. ತಾರೀಕು ದಾಟಿದ ಮೇಲೂ ಕಂತು ಕಟ್ಟಲು ಸಿಗುವ ಗ್ರೇಸ್ ಅವಧಿ ಮಾಸಿಕ ಕಂತಿಗೆ 15 ದಿನ ಮಾತ್ರ. ಮೂರು ತಿಂಗಳು, ಆರು ತಿಂಗಳು, ವರ್ಷದ ಕಂತಿಗಾದರೆ 30 ದಿನ. ಸಂತಿಗೆ ಬಂದಾಗ ಸಿಕ್ಕು ಮಾತಾಡಿ ರೊಕ್ಕ ಹೊಂದಿಸುವುದರೊಳಗೆ 15 ದಿನ ಮುಗಿದಿರುತ್ತದೆ.

ಈ ತಾರೀಕಿನ ಸಮಸ್ಯೆಗೆ ವಿಮೆಯ ನಿಯಮದೊಳಗೇ ಒಂದು ದಾರಿ ಇದೆ. ಬಹಳ ಏಜೆಂಟರು ಅದನ್ನು ಬಳಸುವುದೇ ಇಲ್ಲ. ಅದೇ ಡೇಟಿಂಗ್ ಬ್ಯಾಕ್. ಯೂನಿಟ್ ಲಿಂಕ್ಡ್ (ಷೇರು ಮಾರುಕಟ್ಟೆಗೆ ಜೋಡಿಸಿದ) ಅಲ್ಲದ ಎಷ್ಟೋ ಪಾಲಿಸಿಗಳನ್ನು ಅದೇ ಹಣಕಾಸು ವರ್ಷದೊಳಗಿನ ಹಿಂದಿನ ತಾರೀಕಿನಿಂದ ಶುರು ಮಾಡಿಸಬಹುದು. ಮಾರ್ಚ್ 20ಕ್ಕೆ ಪ್ರಪೋಸಲ್ (ಪಾಲಿಸಿ ಅರ್ಜಿ) ಕೊಟ್ಟರೂ ಪಾಲಿಸಿಯನ್ನು ಡಿಸೆಂಬರ್ 10ರಿಂದ ಎಂದು ಬರೆಸಿದರೆ, ವಾರ್ಷಿಕ ಕಂತು ಪ್ರತಿ ಡಿಸೆಂಬರಿಗೆ ಬರುತ್ತದೆ, ಗೋವಿನಜೋಳದ ರೊಕ್ಕದ ಜೊತೆಗೇ. ನಡುವಿನ ಮೂರು ತಿಂಗಳಿಗೆ ಬಡ್ಡಿ ಕಟ್ಟಬೇಕಾಗುತ್ತದೆ. ಮೊದಲ ವರ್ಷ ಎರಡನೇ ಕಂತು ಒಂಬತ್ತೇ ತಿಂಗಳಿಗೆ ಬರುತ್ತದೆ ಅನ್ನುವುದನ್ನೂ ಗ್ರಾಹಕರಿಗೆ ಮೊದಲೇ ಹೇಳಬೇಕು, ಇಲ್ಲದಿದ್ದರೆ ಅಲ್ಲೇ ಜಗಳ. ಕೆಲವೊಮ್ಮೆ ಹಿಂದಿನ ತಾರೀಕಿಗೆ ವಯಸ್ಸು ಒಂದು ವರ್ಷ ಕಡಿಮೆ ಎಣಿಕೆಯಾಗಿ ಕಂತೂ ಇಳಿಯುತ್ತದೆ. ಹೀಗಿದ್ದರೂ ಬ್ರಾಂಚಿನಲ್ಲಿ ಇದನ್ನು ಹೇಳಿಕೊಡುವುದು ಅಪರೂಪ. ಬಡ್ಡಿ ಲೆಕ್ಕ ಹಾಕಬೇಕು, ಗ್ರಾಹಕರಿಗೆ ವಿವರಿಸಬೇಕು, ಕೇಸು ಎರಡು ದಿನ ತಡವಾಗುತ್ತದೆ. ಮಾರ್ಚ್ 29ಕ್ಕೆ ಎರಡು ದಿನ ಅಂದರೆ ಅವರಿಗೆ ದೊಡ್ಡದು.

ಇನ್ನು ದಂಡದ ಲೆಕ್ಕಕ್ಕೆ ಬರೋಣ. ಪಾಲಿಸಿಗಳು ಎಷ್ಟು ಉಳಿದವು ಅಂತ ಅಳೆಯುವುದಕ್ಕೆ ಪರ್ಸಿಸ್ಟೆನ್ಸಿ ಅನ್ನುತ್ತಾರೆ. 13, 25, 37, 49, 61ನೇ ತಿಂಗಳಿಗೆ ಅದನ್ನು ನೋಡುತ್ತಾರೆ. ಪಾಲಿಸಿ ಸಂಖ್ಯೆಯ ಮೇಲೂ ಅಳೆಯಬಹುದು, ಪ್ರೀಮಿಯಂ ಮೊತ್ತದ ಮೇಲೂ ಅಳೆಯಬಹುದು, ಎರಡರ ಉತ್ತರ ಬೇರೆ ಬೇರೆ. ಒಬ್ಬ ಏಜೆಂಟನ 20 ಪಾಲಿಸಿಗಳ ಒಟ್ಟು ವಾರ್ಷಿಕ ಪ್ರೀಮಿಯಂ 4 ಲಕ್ಷ ಇದ್ದು, ಅದರಲ್ಲಿ 1 ಲಕ್ಷದ ಒಂದೇ ಪಾಲಿಸಿ ನಿಂತಿತು ಅನ್ನಿ. ಸಂಖ್ಯೆಯ ಲೆಕ್ಕದಲ್ಲಿ ಅವನು ಶೇ 95, ಮೊತ್ತದ ಲೆಕ್ಕದಲ್ಲಿ ಶೇ 75. ನಿಮ್ಮ ಬೋನಸ್, ಕ್ಲಬ್, ಏಜೆನ್ಸಿ ಮುಂದುವರಿಕೆ ಯಾವ ಲೆಕ್ಕದ ಮೇಲೆ ನಿಂತಿದೆ ಅನ್ನುವುದನ್ನು ಬರಹದಲ್ಲಿ ಕೇಳಿ ಪಡೆಯಿರಿ. ಬಾಯಿಮಾತಿಗೆ ಒಪ್ಪಬೇಡಿ.

ಕೈಗೆ ಉಳಿಯುವುದೆಷ್ಟು? ಉದಾಹರಣೆಗೆ ವರ್ಷಕ್ಕೆ 24,000 ರೂಪಾಯಿ ಕಂತಿನ ಒಂದು ಪಾಲಿಸಿಗೆ ಮೊದಲ ವರ್ಷದ ಕಮಿಷನ್ ಶೇ 25 ಅಂದರೆ 6,000. ವರ್ಷದ ಕಮಿಷನ್ 20,000 ದಾಟುತ್ತಿದ್ದರೆ ಶೇ 2ರಂತೆ 120 ರೂಪಾಯಿ ಟಿಡಿಎಸ್ (ಕಂಪನಿ ಮೊದಲೇ ಮುರಿದುಕೊಳ್ಳುವ ಆದಾಯ ತೆರಿಗೆ). ಗ್ರಾಹಕರ ಮನೆ ಅಣ್ಣಿಗೇರಿಯಲ್ಲಿದ್ದರೆ ಹುಬ್ಬಳ್ಳಿಯಿಂದ ಸುಮಾರು 35 ಕಿಲೋಮೀಟರ್. ಮಾತಾಡಲು, ಕಾಗದಕ್ಕೆ, ಮೆಡಿಕಲ್‌ಗೆ, ಬಾಂಡ್ ಕೊಡಲು ನಾಲ್ಕು ಸಲ ಹೋಗಿಬಂದರೆ 280 ಕಿಲೋಮೀಟರ್. ಬೈಕಿಗೆ ಬರೀ ಪೆಟ್ರೋಲ್ ಕಿಲೋಮೀಟರಿಗೆ ಎರಡು ರೂಪಾಯಿ ಹಿಡಿದರೂ 560. ಝೆರಾಕ್ಸ್, ಫೋಟೋ, ಚಹಾ ಸೇರಿಸಿದರೆ 5,000 ಚಿಲ್ಲರೆ ಉಳಿಯಿತು. ಶಕ್ತಿ ಯೋಜನೆ ಬಂದ ಮೇಲೆ ಮಹಿಳಾ ಏಜೆಂಟರಿಗೆ ಬಸ್ ಖರ್ಚು ತಪ್ಪಿದೆ, ಆ ಮಟ್ಟಿಗೆ ಸಮಾಧಾನ. ಇಷ್ಟಾಗಿ ಎರಡನೇ ವರ್ಷ ಕಂತು ನಿಂತರೆ, ಕ್ಲಾಬ್ಯಾಕ್ ಷರತ್ತು ಇರುವ ಕಂಪನಿಯಲ್ಲಿ ಕೊಟ್ಟ ಕಮಿಷನ್ನಿನ ಒಂದು ಭಾಗವನ್ನೋ ಪೂರ್ತಿಯನ್ನೋ ಮುಂದಿನ ಸ್ಟೇಟ್‌ಮೆಂಟಿನಲ್ಲಿ ಮುರಿದುಕೊಳ್ಳುತ್ತಾರೆ. ಖರ್ಚಾದ ಪೆಟ್ರೋಲನ್ನು ಯಾರೂ ವಾಪಸ್ ಕೊಡುವುದಿಲ್ಲ.

ಗ್ರಾಹಕರು ಪಾಲಿಸಿ ಕೈಗೆ ಬಂದ 30 ದಿನದೊಳಗೆ ಬೇಡವೆಂದು ವಾಪಸ್ ಮಾಡಿದರೆ ಕಮಿಷನ್ ಹೋಗುವುದು ನ್ಯಾಯವೇ. ಸುಳ್ಳು ಹೇಳಿ ಮಾರಿದ್ದರೆ ಮುರಿದುಕೊಳ್ಳುವುದೂ ನ್ಯಾಯ. ಆದರೆ ಮ್ಯಾನೇಜರ್ ಒತ್ತಾಯದಿಂದ ಮಾರ್ಚಿನಲ್ಲಿ ಬರೆಸಿದ ಪಾಲಿಸಿ ಮಾರ್ಚಿನಲ್ಲಿ ನಿಂತರೆ ಆ ನಷ್ಟವನ್ನು ಏಜೆಂಟ ಒಬ್ಬನೇ ಏಕೆ ಹೊರಬೇಕು? ಮ್ಯಾನೇಜರರ ಇನ್ಸೆಂಟಿವ್ ಹೋದ ವರ್ಷವೇ ಜಮಾ ಆಗಿದೆ, ಅವರಿಗೆ ಬೆಳಗಾವಿಗೋ ಬಳ್ಳಾರಿಗೋ ವರ್ಗವೂ ಆಗಿರುತ್ತದೆ.

ಈಚಿನ ಎರಡು ಮೂರು ಬದಲಾವಣೆಗಳು ಈ ಭಾರವನ್ನು ಹೆಚ್ಚಿಸಿವೆ. 2023ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರ ಒಂದೊಂದು ಬಗೆಯ ಪಾಲಿಸಿಗೆ ಇಷ್ಟೇ ಕಮಿಷನ್ ಎಂಬ ಮಿತಿ ತೆಗೆದು, ಒಟ್ಟು ವೆಚ್ಚದ ಮಿತಿಯೊಳಗೆ ಕಂಪನಿಯ ಬೋರ್ಡೇ ದರ ನಿರ್ಧರಿಸಲು ಬಿಟ್ಟಿತು. ಅಲ್ಲಿಂದ ದರದ ಕೀಲಿ ಪೂರ್ತಿ ಕಂಪನಿಯ ಕೈಗೆ ಹೋಯಿತು. 2024ರ ಅಕ್ಟೋಬರ್ 1ರಿಂದ, ಒಂದು ವರ್ಷದ ಕಂತು ಪೂರ್ತಿ ಕಟ್ಟಿದವರಿಗೂ ಸರೆಂಡರ್ ಮೌಲ್ಯ (ಪಾಲಿಸಿ ನಡುವೆ ಬಿಟ್ಟರೆ ವಾಪಸ್ ಬರುವ ರೊಕ್ಕ) ಸಿಗುವ ನಿಯಮ ಬಂತು. ಗ್ರಾಹಕರ ದೃಷ್ಟಿಯಿಂದ ಇದು ಬಹಳ ಒಳ್ಳೆಯ ನಿಯಮ. ಮೊದಲಾದರೆ ಒಂದೇ ಕಂತು ಕಟ್ಟಿ ಬಿಟ್ಟವನ ರೊಕ್ಕ ಮುಳುಗುತ್ತಿತ್ತು, ಅದನ್ನು ನಾವು ಮನೆಮನೆಗೆ ಹೋಗಿ ವಿವರಿಸಬೇಕಾಗುತ್ತಿತ್ತು. ಆದರೆ ಈ ಖರ್ಚನ್ನು ಕೆಲವು ಕಂಪನಿಗಳು ಮೊದಲ ವರ್ಷದ ಕಮಿಷನ್ ಇಳಿಸಿ, ಕ್ಲಾಬ್ಯಾಕ್ ಸೇರಿಸಿ ಏಜೆಂಟರ ಕಡೆ ತಳ್ಳಿದವು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವವಿಮೆ, ಆರೋಗ್ಯ ವಿಮೆಯ ಪ್ರೀಮಿಯಂ ಮೇಲಿನ ಜಿಎಸ್‌ಟಿ ಹೋಯಿತು. ಅದೂ ಜನರಿಗೆ ಒಳ್ಳೆಯದೇ. ಪ್ರೀಮಿಯಂ ಮೇಲೆ ತೆರಿಗೆ ಇಲ್ಲವಾದ್ದರಿಂದ, ಏಜೆಂಟರ ಕಮಿಷನ್ ಮೇಲೆ ಕಂಪನಿ ಕಟ್ಟುವ ಶೇ 18 ಜಿಎಸ್‌ಟಿಯನ್ನು ಮೊದಲಿನಂತೆ ವಜಾ ಮಾಡಿಕೊಳ್ಳಲು ಬರುವುದಿಲ್ಲ. ಅದಕ್ಕೆ ಕೆಲವು ಕಂಪನಿಗಳು "ನಾವು ಹೇಳಿದ ಕಮಿಷನ್‌ನೊಳಗೇ ಜಿಎಸ್‌ಟಿ ಸೇರಿದೆ" ಎಂದು ಹೊಸ ಲೆಕ್ಕ ತಂದವು. 100 ರೂಪಾಯಿಯನ್ನು 1.18ರಿಂದ ಭಾಗಿಸಿ ನೋಡಿ, 84 ರೂಪಾಯಿ 75 ಪೈಸೆ ಬರುತ್ತದೆ. ದರದ ಪಟ್ಟಿಯಲ್ಲಿ ಅಂಕಿ ಬದಲಾಗಲಿಲ್ಲ, ಕೈಗೆ ಬರುವುದು ಮಾತ್ರ 15 ರೂಪಾಯಿ ಕಡಿಮೆಯಾಯಿತು.

ಪ್ರಶ್ನೆ ಮಾಡಿದರೆ ಬರುವ ಉತ್ತರ ಒಂದೇ: "ನೀವು ನೌಕರರಲ್ರಿ, ಸ್ವತಂತ್ರ ವೃತ್ತಿಯವರು." ಸ್ವತಂತ್ರರಾದರೆ ಬೆಳಿಗ್ಗೆ ಮೀಟಿಂಗಿಗೆ ಹಾಜರಿ ಏಕೆ, ದಿನದ ಲಾಗಿನ್ ವರದಿ ಏಕೆ, ಇಂಥದೇ ಪ್ಲಾನ್ ಮಾರಬೇಕೆಂಬ ಒತ್ತಾಯ ಏಕೆ? ನಮ್ಮ ರಾಜ್ಯದವರಿಗೆ ಇದರ ಹತ್ತಿರದ ಒಂದು ಉದಾಹರಣೆ ಗೊತ್ತಿರಬೇಕು. 1928ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಶುರು ಮಾಡಿದ ಪಿಗ್ಮಿಯನ್ನು ಅಂಗಡಿ ಅಂಗಡಿಗೆ ಹೋಗಿ ಸಂಗ್ರಹಿಸುತ್ತಿದ್ದವರೂ ಕಮಿಷನ್ ಏಜೆಂಟರೇ. ಅವರು ನೌಕರರಲ್ಲ ಎಂದು ಬ್ಯಾಂಕುಗಳು ವಾದಿಸಿದವು. 2001ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್, ಅವರ ಕೆಲಸದ ಮೇಲೆ ಬ್ಯಾಂಕಿನ ಹತೋಟಿ ಇದೆ, ಆ ಕಮಿಷನ್ ದುಡಿಮೆಗೆ ತಕ್ಕ ಕೂಲಿಯೇ ಎಂದು ಹೇಳಿ ಅವರನ್ನು ಕಾರ್ಮಿಕರೆಂದು ಒಪ್ಪಿತು. ವಿಮೆ ಏಜೆಂಟರಿಗೆ ಆ ತೀರ್ಪು ನೇರವಾಗಿ ಅನ್ವಯಿಸುತ್ತದೆ ಎಂದು ನಾನು ಹೇಳುತ್ತಿಲ್ಲ. ಕಾಗದದ ಮೇಲಿನ ಹೆಸರು ಏನೇ ಇರಲಿ, ಕೆಲಸ ನಡೆಯುವ ರೀತಿ ನೋಡಬೇಕು ಅನ್ನುವ ದೃಷ್ಟಿ ಮುಖ್ಯ. ಕಮಿಷನ್ ಮೇಲೆ ದುಡಿಯುವವರಿಗೆ ಸವಲತ್ತು ಕೊಡಲು ಬರುವುದಿಲ್ಲ ಅನ್ನುವುದೂ ಸುಳ್ಳು. ಭಾರತೀಯ ಜೀವವಿಮಾ ನಿಗಮದ ಏಜೆಂಟರ ಗ್ರಾಚ್ಯುಟಿ ಮಿತಿಯನ್ನು 2023ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಲಾಯಿತು. ಬೇರೆ ಕಂಪನಿಗಳು ಮನಸ್ಸು ಮಾಡಬೇಕು, ಅಷ್ಟೇ.

ಕಾಗದದ ಕೆಲಸದಲ್ಲಿ ಕೇಸು ಸಿಕ್ಕಿಬೀಳುವ ಜಾಗಗಳೂ ನಮ್ಮ ಭಾಗಕ್ಕೆ ವಿಶೇಷ. ಇಲ್ಲಿ ಹೆಸರೆಂದರೆ ಸ್ವಂತ ಹೆಸರು, ಅಪ್ಪನ ಹೆಸರು, ಮನೆತನದ ಅಡ್ಡಹೆಸರು. ಆಧಾರಿನಲ್ಲಿ ಮೂರೂ ಪೂರ್ತಿ ಇರುತ್ತವೆ, ಪಾಸ್‌ಬುಕ್ಕಿನಲ್ಲಿ ಎರಡು ಇನಿಷಿಯಲ್ ಮತ್ತು ಅಡ್ಡಹೆಸರು, ಪ್ಯಾನ್ ಕಾರ್ಡಿನಲ್ಲಿ ಅಡ್ಡಹೆಸರು ಮೊದಲು. ಕಂಪ್ಯೂಟರಿಗೆ ಇವರು ಮೂರು ಮಂದಿ. ಖಾತೆ ಪರೀಕ್ಷೆಗೆ ಒಂದು ರೂಪಾಯಿ ಹಾಕಿದಾಗ ಹೆಸರು ಹೊಂದದೆ ಕೇಸು ಪೆಂಡಿಂಗ್. ಶಾಲೆಗೆ ಸೇರಿಸುವಾಗ ಮಾಸ್ತರರು ಜೂನ್ 1 ಎಂದು ಬರೆದ ಜನ್ಮದಿನಾಂಕ ಒಂದು ಕಡೆ, ಆಧಾರಿನಲ್ಲಿ ಜನವರಿ 1 ಇನ್ನೊಂದು ಕಡೆ. ಇದನ್ನೆಲ್ಲ ಪ್ರಪೋಸಲ್ ಹಾಕುವ ಮೊದಲೇ ಮೂರು ಕಾಗದ ಪಕ್ಕಪಕ್ಕ ಇಟ್ಟು ನೋಡಿ. ಹಾಕಿದ ಮೇಲೆ ತಿದ್ದಲು ಹೋದರೆ ವಾರಗಟ್ಟಲೆ ಹೋಗುತ್ತದೆ, ಅಷ್ಟರಲ್ಲಿ ಗ್ರಾಹಕರ ಮನಸ್ಸೂ ಬದಲಾಗಿರುತ್ತದೆ. ಮೆಡಿಕಲ್ ಬಿದ್ದರೆ ಇನ್ನೂ ಕಷ್ಟ. ರೋಣದ ಹಳ್ಳಿಯೊಂದರ ಮನುಷ್ಯ 10-12 ತಾಸು ಉಪವಾಸ ಇದ್ದು, ಬಸ್ ಹತ್ತಿ ಗದಗಕ್ಕೋ ಹುಬ್ಬಳ್ಳಿಗೋ ಬಂದು ರಕ್ತ ಕೊಡಬೇಕು. ಬಸ್ಸಿನಲ್ಲಿ ಒಂದು ಕಪ್ ಚಹಾ ಕುಡಿದರೂ ಸಕ್ಕರೆ ಅಂಶ ಏರಿ ಕಂತು ಹೆಚ್ಚಾಗಬಹುದು. ಅವನ ಒಂದು ದಿನದ ಕೂಲಿಗೆ ಕಂಪನಿಯ ಲೆಕ್ಕದಲ್ಲಿ ಜಾಗವಿಲ್ಲ.

ಏಜೆಂಟರಿಗೂ ಒಂದು ಮಾತು. ಗ್ರಾಹಕರ ಮೊಬೈಲ್ ನಂಬರಿನ ಜಾಗದಲ್ಲಿ ನಿಮ್ಮ ನಂಬರು ಹಾಕಬೇಡಿ. ಓಟಿಪಿ ಬೇಗ ಸಿಗುತ್ತದೆ ನಿಜ, ಆದರೆ ಕಂತಿನ ನೆನಪು, ನ್ಯಾಚ್ ವಾಪಸ್ಸಿನ ಸುದ್ದಿ ಅವರಿಗೆ ಮುಟ್ಟುವುದೇ ಇಲ್ಲ. ನಾಳೆ ತಕರಾರು ಬಂದರೆ ಒಪ್ಪಿಗೆ ಕೊಟ್ಟವರು ನೀವೇ ಎಂದಾಗುತ್ತದೆ. ಹಾಗೆಯೇ "ಮೊದಲ ಕಂತು ನೀವಽ ಹಾಕ್ರಿ, ಆಮ್ಯಾಲೆ ಕಮಿಷನ್‌ದಾಗ ಬರತೈತಿ" ಅನ್ನುವವರ ಮಾತು ಕೇಳಬೇಡಿ. ವಿಮಾ ಕಾಯ್ದೆಯ 41ನೇ ಕಲಂ ಪ್ರಕಾರ ರಿಬೇಟ್, ಅಂದರೆ ಕಮಿಷನ್ನಿನ ಪಾಲನ್ನು ಗ್ರಾಹಕರಿಗೆ ಬಿಟ್ಟುಕೊಡುವುದು, ಅಪರಾಧ, ದಂಡ 10 ಲಕ್ಷದವರೆಗೆ. ಹಾಕಿ ಅಂದವರು ಅದನ್ನು ಎಲ್ಲೂ ಬರೆದುಕೊಟ್ಟಿರುವುದಿಲ್ಲ. ಗ್ರಾಹಕರ ಬಿಪಿ, ಸಕ್ಕರೆ ಕಾಯಿಲೆ ಮುಚ್ಚಿಡಬೇಡಿ. ಮೂರು ವರ್ಷದೊಳಗೆ ಸಾವು ಸಂಭವಿಸಿದರೆ ವಿಚಾರಣೆ ಬಂದೇ ಬರುತ್ತದೆ, ಆಗ ಬರಿಗೈಯಲ್ಲಿ ನಿಲ್ಲುವುದು ಆ ಮನೆಯ ಹೆಣ್ಣುಮಗಳು.

ಪ್ರತಿ ತಿಂಗಳ ಕಮಿಷನ್ ಸ್ಟೇಟ್‌ಮೆಂಟನ್ನು ಇಳಿಸಿಟ್ಟುಕೊಳ್ಳಿ. ಪಾಲಿಸಿ ನಂಬರು, ಕಂತಿನ ತಾರೀಕು, ಮೊದಲ ವರ್ಷವೋ ರಿನೀವಲ್ಲೋ (ಮುಂದಿನ ವರ್ಷಗಳದೋ), ದರ, ಒಟ್ಟು, ಟಿಡಿಎಸ್, ನಿವ್ವಳ ಇಷ್ಟನ್ನು ಒಂದು ವಹಿಯಲ್ಲಿ ನೀವೇ ಬರೆದು ತಾಳೆ ನೋಡಿ. ಹೆಚ್ಚಾಗಿ ತಪ್ಪುವುದು ರಿವೈವಲ್ ಆದ ಪಾಲಿಸಿಯಲ್ಲಿ. ನಿಂತ ಪಾಲಿಸಿಯನ್ನು ನೀವು ಓಡಾಡಿ ಎಬ್ಬಿಸಿದ ಮೇಲೂ ಆ ಕಂತುಗಳ ಕಮಿಷನ್ ಬಿಟ್ಟುಹೋಗಿರುತ್ತದೆ. ಪ್ಯಾನ್‌ಗೆ ಆಧಾರ್ ಜೋಡಣೆ ಆಗದಿದ್ದರೆ ಟಿಡಿಎಸ್ ಶೇ 2ರ ಬದಲು ಶೇ 20. ಜೂನ್ 15 ದಾಟಿದ ಮೇಲೆ 26ಎಎಸ್ (ನಿಮ್ಮ ಹೆಸರಿನಲ್ಲಿ ಜಮಾ ಆದ ತೆರಿಗೆಯ ಪಟ್ಟಿ) ತೆಗೆದು ವಹಿಯ ಜೊತೆ ಹೊಂದಿಸಿ, ಆಮೇಲೆ ರಿಟರ್ನ್ ಹಾಕಿ. ಕಮಿಷನ್ ಆದಾಯಕ್ಕೆ ಸಣ್ಣ ವ್ಯಾಪಾರಿಗಳ ಅಂದಾಜು ಲಾಭದ ಸರಳ ಪದ್ಧತಿ ನಡೆಯುವುದಿಲ್ಲ. ಐಟಿಆರ್-3 ಹಾಕಬೇಕು, ಪೆಟ್ರೋಲ್, ಫೋನಿನ ಖರ್ಚಿಗೆ ರಸೀದಿ ಬೇಕು. ತೆರಿಗೆ ಬೀಳದಷ್ಟು ಆದಾಯ ಇರುವವರೂ ರಿಟರ್ನ್ ಹಾಕದಿದ್ದರೆ ಮುರಿದ ಟಿಡಿಎಸ್ ವಾಪಸ್ ಬರುವುದಿಲ್ಲ.

ತಕರಾರು ಎಲ್ಲಿಗೆ ಒಯ್ಯಬೇಕು? ಪಾಲಿಸಿದಾರರಿಗೆ ಬಿಮಾ ಭರೋಸಾ ಪೋರ್ಟಲ್ ಇದೆ, ಬೆಂಗಳೂರಿನಲ್ಲಿ ದೂರು ವಿಚಾರಿಸುವ ವಿಮಾ ಒಂಬುಡ್ಸ್‌ಮನ್ ಇದ್ದಾರೆ. ಏಜೆಂಟನ ಕಮಿಷನ್ ತಕರಾರಿಗೆ ಆ ಬಾಗಿಲು ತೆರೆಯುವುದಿಲ್ಲ. ಉಳಿಯುವುದು ಕಂಪನಿಗೆ ಬರೆದ ಪತ್ರ, ವಕೀಲರ ನೋಟಿಸು, ಸಿವಿಲ್ ದಾವೆ. ಬಾಕಿ ರೊಕ್ಕದ ದಾವೆಗೆ ಕಾಲಮಿತಿ ಮೂರು ವರ್ಷ. ನೇಮಕಾತಿ ಪತ್ರದಲ್ಲಿ ಮುಂಬೈ ಕೋರ್ಟಿಗೇ ಹೋಗಬೇಕು ಎಂದು ಬರೆದಿದ್ದರೆ ಗದಗಿನ ಏಜೆಂಟ ಹತ್ತಿಪ್ಪತ್ತು ಸಾವಿರಕ್ಕೆ ಅಲ್ಲಿಗೆ ಹೋಗುವುದುಂಟೇ? ಆದ್ದರಿಂದ ಸಹಿ ಮಾಡುವ ಮೊದಲು ಮೂರು ಷರತ್ತು ಓದಿ: ಏಜೆನ್ಸಿ ಬಿಟ್ಟ ಮೇಲೆ ರಿನೀವಲ್ ಕಮಿಷನ್ ಸಿಗುತ್ತದೆಯೇ, ಏಜೆಂಟ ತೀರಿಕೊಂಡರೆ ಮನೆಯವರಿಗೆ ಬರುತ್ತದೆಯೇ, ವ್ಯಾಜ್ಯ ಯಾವ ಊರಲ್ಲಿ.

ನಮ್ಮ ಬೇಡಿಕೆ ದೊಡ್ಡದೇನಲ್ಲ. ಪ್ರಪೋಸಲ್ ಆ್ಯಪ್‌ನಲ್ಲಿ ಗ್ರಾಹಕರ ಮುಖ್ಯ ಆದಾಯ ಯಾವ ತಿಂಗಳು ಬರುತ್ತದೆ ಅನ್ನುವ ಒಂದು ಪ್ರಶ್ನೆ ಕಡ್ಡಾಯವಾಗಲಿ. ಆ ತಿಂಗಳಿಗೆ ಡೇಟಿಂಗ್ ಬ್ಯಾಕ್ ಮಾಡಿದರೆ ಎಷ್ಟು ಬಡ್ಡಿ ಅನ್ನುವುದನ್ನು ಆ್ಯಪ್ಪೇ ಲೆಕ್ಕ ಹಾಕಿ ತೋರಿಸಲಿ. ಜನವರಿಯಿಂದ ಮಾರ್ಚಿನೊಳಗೆ ಬಂದ ಪಾಲಿಸಿ ಎರಡನೇ ಕಂತಿಗೆ ನಿಂತರೆ, ಏಜೆಂಟನ ಕಮಿಷನ್ ಎಷ್ಟು ಶೇಕಡಾ ಮುರಿಯುತ್ತಾರೋ ಮ್ಯಾನೇಜರರ ಇನ್ಸೆಂಟಿವ್‌ನಲ್ಲೂ ಅಷ್ಟೇ ಶೇಕಡಾ ಮುರಿಯಲಿ. ಕಮಿಷನ್ ದರ ಬದಲಿಸುವ ಮೊದಲು 90 ದಿನದ ಲಿಖಿತ ಸೂಚನೆ ಕನ್ನಡದಲ್ಲಿ ಕೊಡಲಿ, ಹಳೆ ಪಾಲಿಸಿಗಳ ರಿನೀವಲ್ ದರ ಮುಟ್ಟದಿರಲಿ.

ಈಗಾಗಲೇ ಮಾರ್ಚ್ ಕಂತಿನಲ್ಲಿ ಸಿಕ್ಕಿಕೊಂಡಿರುವ ಗ್ರಾಹಕರಿದ್ದರೆ ಒಂದು ಕೆಲಸ ಇವತ್ತೇ ಮಾಡಬಹುದು. ಕಂತು ಅರ್ಧವಾರ್ಷಿಕಕ್ಕೆ ಬದಲಿಸಿದರೆ ಮಾರ್ಚ್ ಮತ್ತು ಸೆಪ್ಟೆಂಬರಿಗೆ ಹಂಚಿಹೋಗುತ್ತದೆ. ಕಡಲೆ, ಹೆಸರು ಎರಡೂ ಬೆಳೆಯುವ ಎರಿ ಭಾಗದ ರೈತರಿಗೆ ಇದು ಸರಿಹೊಂದುತ್ತದೆ. ಬದಲಾವಣೆಯ ಅರ್ಜಿಯನ್ನು ಪಾಲಿಸಿಯ ವಾರ್ಷಿಕ ತಾರೀಕಿಗೆ ಒಂದು ತಿಂಗಳು ಮೊದಲೇ ಬ್ರಾಂಚಿನಲ್ಲಿ ಕೊಟ್ಟು, ಸೀಲು ಹಾಕಿದ ಪ್ರತಿ ಇಸಿದುಕೊಳ್ಳಿ. ಗೋವಿನಜೋಳದವರಿಗೆ ಮಾತ್ರ ಅದರಿಂದಲೂ ಉಪಯೋಗವಿಲ್ಲ. ಅವರ ಹೊಸ ಪಾಲಿಸಿಯನ್ನು ಅಕ್ಟೋಬರಿನಿಂದ ಡಿಸೆಂಬರಿನೊಳಗೇ ಬರೆಯಿರಿ, ಮಾರ್ಚಿನಲ್ಲೇ ಬರೆಯಬೇಕಾಗಿ ಬಂದರೆ ಪ್ರಪೋಸಲ್ಲಿನಲ್ಲಿ ಡೇಟಿಂಗ್ ಬ್ಯಾಕ್ ಕಾಲಂ ಖಾಲಿ ಬಿಡಬೇಡಿ.